ಗೋಮಾಳದಲ್ಲಿ ಹುಟ್ಟಿದ ಆಟ

ಗಾಲ್ಫ್ ಮೈದಾನದ ಹೆಸರನ್ನ ಕನ್ನಡದ ಟಿವಿ ವೀಕ್ಷಕರು ಕಲಿತಿದ್ದು ಯಾವಾಗ ಹೇಳಿ? ಯಾವ ಪಂದ್ಯಾವಳಿಯಿಂದಲೂ ಅಲ್ಲ. ಕಲಿಸಿದವರು ನಮ್ಮ ಶಾಸಕರು! 2017ರ ಜುಲೈ ಕೊನೆಯಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಬಿಡದಿಯ ಈಗಲ್‌ಟನ್‌ಗೆ ಬಂದಿಳಿದರು. 2018ರ ಮೇ ತಿಂಗಳಲ್ಲಿ ನಮ್ಮದೇ ರಾಜ್ಯದ ಕಾಂಗ್ರೆಸ್ ಶಾಸಕರು ಅಲ್ಲೇ ತಂಗಿದರು. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಅಲುಗಾಡಿದಾಗ ಜೆಡಿಎಸ್ ಶಾಸಕರ ಬಸ್ಸು ನಂದಿ ಬೆಟ್ಟದ ಕಡೆಯ ಗಾಲ್ಫ್‌ಶೈರ್‌ಗೆ ಹೋಯಿತು. ಈಗಲ್‌ಟನ್, ಗಾಲ್ಫ್‌ಶೈರ್ ಎರಡೂ ಗಾಲ್ಫ್ ರೆಸಾರ್ಟ್‌ಗಳೇ. ನಮ್ಮ ವರದಿಗಾರರು ಗೇಟಿನ ಹೊರಗೆ ನಿಂತು ಗಂಟೆಗಟ್ಟಲೆ ಲೈವ್ ಕೊಟ್ಟರು. ಗೇಟು ಕಂಡಿತು, ಕಾಂಪೌಂಡು ಕಂಡಿತು. ಒಳಗಿನ ನೆಲ ಮಾತ್ರ ಯಾರಿಗೂ ಕಾಣಲಿಲ್ಲ.

ಆ ನೆಲದ ಕಥೆಯನ್ನೇ ಇವತ್ತು ಹೇಳೋಣ ಅಂತ.

ನನ್ನ ಜೊತೆ ಇಂಜಿನಿಯರಿಂಗ್ ಓದಿದ ನಾಲ್ವರಿಗೆ ಈಗ ಗಾಲ್ಫ್ ಹುಚ್ಚು. ಎಲ್ಲರೂ ಐಟಿ ಕಂಪನಿಗಳಲ್ಲಿ ಒಳ್ಳೆ ಹುದ್ದೆಯಲ್ಲಿದ್ದಾರೆ. ಅವರ ಸಹವಾಸದಿಂದ ನನಗೂ ಸ್ವಲ್ಪ ಹತ್ತಿಕೊಂಡಿದೆ. ರಜೆ ಹೊಂದಿಸಿಕೊಂಡು ಐದೂ ಜನ ಒಂದು ಕಾರಿನಲ್ಲಿ ಹೊರಟೆವು. ಬೆಂಗಳೂರು, ಕೋಲಾರದ ಕೆಜಿಎಫ್, ಮೈಸೂರು, ಕೊಡಗು, ಚಿಕ್ಕಮಗಳೂರು, ಬಿಡದಿ. ಅವರು ಪ್ರತಿ ಊರಲ್ಲೂ ಸ್ಕೋರ್ ಕಾರ್ಡ್ ತುಂಬಿಸಿದರು. ನನಗೆ ಚೆಂಡಿಗಿಂತ ನೆಲದ ಮೇಲೇ ಕಣ್ಣು. ಪ್ರತಿ ಊರಲ್ಲೂ ಒಂದೇ ಪ್ರಶ್ನೆ ಕೇಳ್ತಾ ಬಂದೆ: ಇಲ್ಲಿ ಮೊದಲು ಏನಿತ್ತು?

ಈ ಪ್ರಶ್ನೆ ನನ್ನ ತಲೆಗೆ ಬರೋದಕ್ಕೆ ಕಾರಣ ಇದೆ. ನಾನು ಸಾಗರ ತಾಲೂಕಿನ ತಾಳಗುಪ್ಪದವನು. ಶಿವಮೊಗ್ಗದಿಂದ ಬರುವ ರೈಲು ಹಳಿ ಮುಗಿಯುವ ಊರು ಅದು. ಜೋಗಕ್ಕೆ ಹೋದವರಿಗೆಲ್ಲ ಗೊತ್ತು. ನಮ್ಮ ಕಡೆ ನೆಲಕ್ಕೆ ಒಂದೊಂದು ಹೆಸರಿದೆ. ತೋಟಕ್ಕೆ ಸೊಪ್ಪು ತರುವ ಗುಡ್ಡ ಸೊಪ್ಪಿನ ಬೆಟ್ಟ. ದಟ್ಟ ಮರಗಳಿರುವ ಕಡೆ ಕಾನು. ಹುಲ್ಲು ಬೆಳೆಯುವ ಬಯಲು ಬ್ಯಾಣ. ಊರಿನ ದನಕರು ಮೇಯೋದಕ್ಕೆ ಸರ್ಕಾರ ಬಿಟ್ಟ ಜಾಗ ಗೋಮಾಳ. ಯಾವ ಜಾಗ ಯಾರದ್ದು, ಅದರಲ್ಲಿ ಯಾರಿಗೆ ಎಷ್ಟು ಹಕ್ಕು ಅನ್ನೋ ಮಾತಿಲ್ಲದೆ ನಮ್ಮೂರಲ್ಲಿ ಒಂದು ಚಹಾ ಮುಗಿಯೋದಿಲ್ಲ.

ಈಗ ಸ್ಕಾಟ್ಲೆಂಡಿಗೆ ಹೋಗೋಣ, ಯಾಕಂದರೆ ಗಾಲ್ಫ್ ಬೆಳೆದದ್ದು ಅಲ್ಲಿ. ಸಮುದ್ರ ದಂಡೆಗೂ ಹೊಲಗಳಿಗೂ ನಡುವೆ ಮರಳು ಮಿಶ್ರಿತ ನೆಲ. ಉಳುಮೆಗೆ ಬಾರದ್ದು. ಗಿಡ್ಡ ಹುಲ್ಲು, ಅಲ್ಲಲ್ಲಿ ದಿಬ್ಬ. ಕುರಿ ಮೇಯ್ತಾ ಇದ್ದವು, ಮೊಲ ಬಿಲ ತೋಡ್ತಾ ಇದ್ದವು. ಆ ನೆಲಕ್ಕೆ ಅಲ್ಲಿಯವರು 'ಲಿಂಕ್ಸ್' ಅಂತಾರೆ. ನಮ್ಮ ಲೆಕ್ಕದಲ್ಲಿ ಅದು ಬ್ಯಾಣ. ಕುರಿ ಮೇಯಿಸಲು ಬಂದ ಊರಿನವರು ಅದೇ ಬಯಲಲ್ಲಿ ಕೋಲು ಹಿಡಿದು ಚೆಂಡು ಹೊಡೆದರು, ನಮ್ಮ ಹುಡುಗರು ಕೊಯ್ಲಾದ ಗದ್ದೆಯಲ್ಲಿ ಚಿನ್ನಿ ದಾಂಡು ಆಡಿದ ಹಾಗೆ. ಈ ಆಟದ ಗೀಳು ಎಷ್ಟಿತ್ತಂದರೆ, 1457ರಲ್ಲಿ ರಾಜ ಎರಡನೇ ಜೇಮ್ಸ್ ಕಾಲದ ಸ್ಕಾಟ್ಲೆಂಡ್ ಸಂಸತ್ತು ಗಾಲ್ಫನ್ನೂ ಫುಟ್‌ಬಾಲನ್ನೂ ನಿಷೇಧಿಸಿತು. ಜನ ಬಿಲ್ಲುಗಾರಿಕೆ ಅಭ್ಯಾಸ ಬಿಟ್ಟು ಚೆಂಡಿನ ಹಿಂದೆ ಓಡಿದರೆ ಯುದ್ಧಕ್ಕೆ ಯಾರು ಸಿಗ್ತಾರೆ ಅನ್ನೋ ಚಿಂತೆ!

ಸೇಂಟ್ ಆಂಡ್ರ್ಯೂಸ್ ಅನ್ನೋ ಊರು ಗಾಲ್ಫಿನ ಕಾಶಿ. ಆಟಕ್ಕೆ 18 ಹೋಲ್ ಅನ್ನೋ ಲೆಕ್ಕ ಶುರುವಾಗಿದ್ದು ಅಲ್ಲೇ, 1764ರಲ್ಲಿ. ಅದಕ್ಕೂ ಎರಡು ಶತಮಾನ ಹಿಂದೆ, 1552ರಲ್ಲಿ, ಅಲ್ಲಿಯ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ಗೆ ಆ ಬಯಲಿನಲ್ಲಿ ಮೊಲ ಸಾಕುವ ಹಕ್ಕು ಸಿಕ್ಕಿತು. ಆದರೆ ಅದೇ ಪತ್ರದಲ್ಲಿ ಊರಿನವರ ಹಕ್ಕನ್ನೂ ಬರೆದಿಟ್ಟರು. ದನ ಕುರಿ ಮೇಯಿಸುವ ಹಕ್ಕು, ಹುಲ್ಲಿನ ಹೆಂಟೆ ಕೀಳುವ ಹಕ್ಕು, ಜೊತೆಗೆ ಗಾಲ್ಫ್ ಆಡುವ ಹಕ್ಕು. ಗಮನಿಸಿ. ಮೇಯಿಸುವುದು, ಆಡುವುದು ಎರಡೂ ಒಂದೇ ಪಟ್ಟಿಯಲ್ಲಿವೆ. ಗಾಲ್ಫ್ ಅಲ್ಲಿ ಊರೊಟ್ಟಿನ ಹಕ್ಕಾಗಿತ್ತು.

18ನೇ ಶತಮಾನದ ಕೊನೆಗೆ ಆ ಊರಿನ ಆಡಳಿತ ಸಾಲಕ್ಕೆ ಬಿದ್ದು ಬಯಲನ್ನೇ ಪರಭಾರೆ ಮಾಡಿತು. ಕೊಂಡ ವ್ಯಾಪಾರಿಗಳು ಮಾಂಸಕ್ಕೂ ತುಪ್ಪಳಕ್ಕೂ ಮೊಲ ಸಾಕಿದರು. ಮೊಲಗಳು ಮೈದಾನ ಅಗೆದವು, ಊರಿನವರು ಮೊಲ ಹೊಡೆದರು. ಕೋರ್ಟು ಕಚೇರಿ, ಬಡಿದಾಟ ಎಲ್ಲ ಆಯಿತು. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಅನ್ನೋ ಭೂಮಾಲೀಕ ಅದನ್ನ ಕೊಂಡು ಆಟಕ್ಕೆ ಉಳಿಸಿಕೊಟ್ಟ. 1894ರಲ್ಲಿ ಊರೇ ಅದನ್ನ ಮರಳಿ ಖರೀದಿಸಿತು. ಇವತ್ತಿಗೂ ಅದು ಸಾರ್ವಜನಿಕ ಆಸ್ತಿ, ಟ್ರಸ್ಟ್ ಒಂದು ನೋಡಿಕೊಳ್ಳುತ್ತೆ. ದೊಡ್ಡ ಪಂದ್ಯಾವಳಿಗಳನ್ನ ಬಿಟ್ಟರೆ ಭಾನುವಾರ ಅಲ್ಲಿಯ ಓಲ್ಡ್ ಕೋರ್ಸ್‌ನಲ್ಲಿ ಆಟ ಇಲ್ಲ. ಆ ದಿನ ಊರಿನ ಜನ ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಬಂದು ಜಗತ್ತಿನ ಅತಿ ಪ್ರಸಿದ್ಧ ಗಾಲ್ಫ್ ಹುಲ್ಲಿನ ಮೇಲೆ ವಾಕಿಂಗ್ ಮಾಡ್ತಾರೆ.

ಗೋಮಾಳದಲ್ಲಿ ಹುಟ್ಟಿದ ಈ ಆಟ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದಾಗ ಏನಾಯಿತು? ಗೋಮಾಳಕ್ಕೆ ಬೇಲಿ ಬಿತ್ತು.

ಬ್ರಿಟನ್ನಿನ ಆಚೆ ಇವತ್ತಿಗೂ ಉಳಿದಿರುವ ಅತಿ ಹಳೆಯ ಗಾಲ್ಫ್ ಕ್ಲಬ್ ಕಲ್ಕತ್ತೆಯದ್ದು, 1829ರದ್ದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಹೈಗ್ರೌಂಡ್ಸ್‌ನಲ್ಲಿ, ಒಂದು ಕಡೆ ಸ್ಯಾಂಕಿ ರಸ್ತೆ, ಇನ್ನೊಂದು ಕಡೆ ಕುಮಾರಕೃಪಾ. ಮುಖ್ಯಮಂತ್ರಿಗಳ ನಿವಾಸ, ವಿಧಾನಸೌಧ ಎಲ್ಲ ಕೂಗಳತೆಯಲ್ಲಿ. ಸುಮಾರು 60 ಎಕರೆಯಲ್ಲಿ 18 ಹೋಲ್ ಹೊಂದಿಸಿದ್ದಾರೆ. ನನ್ನ ಗೆಳೆಯರು ಇಲ್ಲಿ ಅಳೆದೂ ತೂಗಿ ಹೊಡೆದರು, ಯಾಕಂದರೆ ಜಾಗ ಇಕ್ಕಟ್ಟು, ಸ್ವಲ್ಪ ಜೋರಾದರೂ ಚೆಂಡು ಬೇರೆಯವರ ದಾರಿಗೆ ಹೋಗಿ ಬೀಳುತ್ತೆ.

ಆ 1876 ಅನ್ನೋ ಇಸವಿಯನ್ನ ಮಾತ್ರ ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಅದು ಧಾತು ಸಂವತ್ಸರ. ಆ ವರ್ಷ ಮಳೆ ಕೈಕೊಟ್ಟಿತು. ಮುಂದಿನದ್ದು ಈಶ್ವರ ಸಂವತ್ಸರ, ಬರ ಮುಂದುವರಿಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರ ಗಣತಿಗೆ ಬಂದರೆ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಎಂಟು ಲಕ್ಷ ಇಳಿದಿತ್ತು. ರಾಜ್ಯ ಆಗ ನೇರವಾಗಿ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. ಕ್ಲಬ್ ಕಟ್ಟಿದವರಿಂದ ಬರ ಬಂತು ಅಂತ ನಾನು ಹೇಳ್ತಾ ಇಲ್ಲ. ಒಂದೇ ರಾಜ್ಯ, ಒಂದೇ ವರ್ಷ. ಒಂದು ಕಡೆ ಗಂಜಿ ಕೇಂದ್ರದ ಸಾಲು, ಇನ್ನೊಂದು ಕಡೆ ಹೊಸ ಆಟದ ಮೈದಾನ. ಎರಡೂ ನಮ್ಮ ಚರಿತ್ರೆಯೇ. ಮೊದಲನೆಯದನ್ನ ಮರೆತು ಎರಡನೆಯದರ ಇಸವಿಯನ್ನ ಮಾತ್ರ ನೆನಪಿಟ್ಟುಕೊಂಡರೆ ಅದು ಅರ್ಧ ಚರಿತ್ರೆ. ಅದೇ ಸ್ಯಾಂಕಿ ರಸ್ತೆ ಹಿಡಿದು ಮುಂದೆ ಹೋದರೆ ಸ್ಯಾಂಕಿ ಕೆರೆ ಸಿಗುತ್ತೆ. ಬರದ ಪಾಠ ಕಲಿತ ಮೇಲೆ, 1882ರಲ್ಲಿ ಕಟ್ಟಿದ್ದು.

ಅಲ್ಲಿಂದ ಕೆಜಿಎಫ್. ಸಿನಿಮಾದ ಕೆಜಿಎಫ್ ಬಿಡಿ, ನಿಜವಾದದ್ದು ಅದಕ್ಕಿಂತ ರೋಚಕ. 1873ರಲ್ಲಿ ಮೈಕೆಲ್ ಲವೆಲ್ ಅನ್ನೋ ನಿವೃತ್ತ ಸೈನಿಕ ಗಣಿ ತೆಗೆಯಲು ಅನುಮತಿ ಕೇಳಿದ. ಬೆಂಗಳೂರಿನ ಲವೆಲ್ ರೋಡ್ ಅವನದೇ ಹೆಸರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಬೆಂಗಳೂರಿಗೆ ಬೀದಿ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ. ಗಣಿಯ ಬಿಳಿ ಅಧಿಕಾರಿಗಳು ಬಂಗಲೆ ಕಟ್ಟಿದರು, ಕ್ಲಬ್ ಕಟ್ಟಿದರು, ಗಾಲ್ಫ್ ಮೈದಾನ ಮಾಡಿಕೊಂಡರು. ಜನ 'ಲಿಟಲ್ ಇಂಗ್ಲೆಂಡ್' ಅಂದರು.

ಕೋಲಾರದಂಥ ಬಯಲುಸೀಮೆಯಲ್ಲಿ ಹುಲ್ಲು ಹಸಿರಾಗಿಡೋದು ಸುಲಭದ ಮಾತಲ್ಲ. ಕೆಜಿಎಫ್‌ಗೆ ಕುಡಿಯೋ ನೀರೇ ಬೇತಮಂಗಲದಿಂದ ಬರಬೇಕಿತ್ತು. ನೀರಿಲ್ಲದ ಸೀಮೆಗಳಲ್ಲಿ ಗಾಲ್ಫಿಗೆ ಒಂದು ಉಪಾಯ ಇದೆ. ಹೋಲ್ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು ಹಾಸ್ತಾರೆ. ಅದಕ್ಕೆ 'ಗ್ರೀನ್' ಬದಲು 'ಬ್ರೌನ್' ಅಂತಲೇ ಹೆಸರು. ಈ ಮೈದಾನಗಳ ಕೆಳಗೆ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದ ಸುರಂಗಗಳಲ್ಲಿ, ಬೆಂಕಿಯಂಥ ಬಂಡೆಗಳ ನಡುವೆ, ತಮಿಳು, ತೆಲುಗು, ಕನ್ನಡದ ಕಾರ್ಮಿಕರು ಚಿನ್ನ ಅಗೆದರು. ಮೇಲೆ 108 ಮಿಲಿಮೀಟರ್ ಅಗಲದ ಗುಂಡಿ, ಕೆಳಗೆ ಮೂರು ಕಿಲೋಮೀಟರ್ ಆಳದ ಗುಂಡಿ! 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕಾರ್ಮಿಕರ ಮಕ್ಕಳು ಈಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ.

ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ್ ಹೆಸರಿನ ಕ್ಲಬ್ ಇದೆ. ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸಿನ ಅಂಗಳದಲ್ಲೇ ಗಾಲ್ಫ್. ಚೆಂಡು ಹೊಡೆಯಲು ತಲೆ ಎತ್ತಿದರೆ ಬೆಟ್ಟ ಕಾಣುತ್ತೆ. ಕೊಡಗಿನಲ್ಲಿ ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ, ಹಾಗೇ ಚಿಕ್ಕಮಗಳೂರಿನಲ್ಲಿ, ಕಾಫಿ ಸೀಮೆಯ ಗಾಲ್ಫ್. ನೋಡಲು ಚೆಂದ, ಮಂಜು, ಏರಿಳಿತ. ಗೆಳೆಯರು ಅಲ್ಲಿಂದ ಏಳೋದಕ್ಕೇ ಒಪ್ಪಲಿಲ್ಲ. ಆದರೆ ನನ್ನ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು ಮತ್ತೆ ಬೆಂಗಳೂರಿಗೆ ಬಂದ ಮೇಲೆ, ಚಲ್ಲಘಟ್ಟದಲ್ಲಿ.

ದೊಮ್ಮಲೂರಿನ ಆಚೆ, ಹಳೇ ವಿಮಾನ ನಿಲ್ದಾಣದ ಹತ್ತಿರ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇದೆ. ಮೈದಾನದ ನಕ್ಷೆ ಹಾಕಿದ್ದು ಬ್ರಿಟಿಷ್ ಓಪನ್ ಐದು ಸಲ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ದೇಶದ ಒಳ್ಳೆಯ ಮೈದಾನಗಳಲ್ಲಿ ಒಂದು. ಅಲ್ಲಿ ಮೊದಲು ಏನಿತ್ತು? ಕೆರೆ. ಚಲ್ಲಘಟ್ಟ ಕೆರೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು. ಬಸ್ ನಿಲ್ದಾಣಕ್ಕೆ ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇದ್ದರೆ ಕ್ರೀಡಾಂಗಣಕ್ಕೂ ಹೋಗಬಹುದು. ಮೂರನೆಯದಕ್ಕೆ ಸದಸ್ಯತ್ವ ಬೇಕು.

ಕೆ.ಸಿ. ವ್ಯಾಲಿ ಅನ್ನೋ ಹೆಸರು ನೀವು ಸುದ್ದಿಯಲ್ಲಿ ಕೇಳೇ ಇರ್ತೀರಿ. ಅದು ಕೋರಮಂಗಲ–ಚಲ್ಲಘಟ್ಟ ಕಣಿವೆ. ಆ 'ಸಿ' ಇದೇ ಚಲ್ಲಘಟ್ಟ. ಈ ಕಣಿವೆಯಲ್ಲಿ ಮಳೆ ನೀರು ಒಂದು ಕೆರೆಯಿಂದ ಇನ್ನೊಂದಕ್ಕೆ ಇಳಿದು ಬೆಳ್ಳಂದೂರಿಗೆ ಸೇರುತ್ತಿತ್ತು. ಮಧ್ಯದ ಕೊಂಡಿಗಳು ಒಂದೊಂದೇ ಕಳಚಿದವು, ಕೊಳಚೆ ಹರಿಯಿತು. ಬೆಳ್ಳಂದೂರು ಕೆರೆ ನೊರೆ ಉಗುಳಿ ಬೆಂಕಿ ಹತ್ತಿಕೊಂಡಿದ್ದನ್ನ ನಾವೇ ನಿಮಗೆ ತೋರಿಸಿದ್ದೇವೆ. 2018ರಿಂದ ಇದೇ ಕಣಿವೆಯ ಕೊಳಚೆಯನ್ನ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಾ ಇದ್ದಾರೆ. ನೂರು ವರ್ಷ ಚಿನ್ನ ಕೊಟ್ಟ ಜಿಲ್ಲೆಗೆ ನಾವು ವಾಪಸ್ ಕೊಡ್ತಿರೋದು ಬಳಸಿ ಬಿಟ್ಟ ನೀರು!

ಬಿಡದಿಯಲ್ಲಿ ಪ್ರಶ್ನೆ ಕೋರ್ಟಿನ ತನಕ ಹೋಯಿತು. ಈಗಲ್‌ಟನ್ ರೆಸಾರ್ಟ್ ಆವರಣದಲ್ಲಿ 77 ಎಕರೆ ಚಿಲ್ಲರೆ ಸರ್ಕಾರಿ ಜಮೀನು ಸೇರಿಕೊಂಡಿದೆ ಅನ್ನೋ ವಿವಾದ. ಅದಕ್ಕೆ 982 ಕೋಟಿ ರೂಪಾಯಿ ಕಟ್ಟಿ ಅಂತ ರಾಜ್ಯ ಸರ್ಕಾರ ಕೇಳಿತು. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಕೇಸು ಅದು. ಸರ್ಕಾರ ಉಳಿಸೋಕೆ, ಉರುಳಿಸೋಕೆ ಶಾಸಕರು ಬಂದು ಮಲಗಿದ ಜಾಗದಲ್ಲೇ ಸರ್ಕಾರದ ಜಮೀನಿನ ಲೆಕ್ಕ ಬಾಕಿ ಇತ್ತು. ಗೇಟಿನ ಹೊರಗೆ ನಿಂತ ಎಷ್ಟು ಮೈಕ್‌ಗಳು ಅವತ್ತು ಈ ಪ್ರಶ್ನೆ ಕೇಳಿದವು?

ಈಗ ಇಂಜಿನಿಯರ್ ಲೆಕ್ಕ ಒಂದು ಮಾಡೋಣ. 18 ಹೋಲ್‌ಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ 100ರಿಂದ 150 ಎಕರೆ ಬೇಕು. ಕರ್ನಾಟಕ ಭೂ ಕಂದಾಯ ನಿಯಮದ ಪ್ರಕಾರ ಒಂದು ಹಳ್ಳಿಯಲ್ಲಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. 120 ಎಕರೆಯ ಒಂದು ಗಾಲ್ಫ್ ಮೈದಾನ ಅಂದರೆ 400 ದನಗಳ ಗೋಮಾಳ. ಆಟ ಹುಟ್ಟಿದ ಕಡೆ ಕುರಿ ಮತ್ತು ಆಟಗಾರ ಒಂದೇ ಹುಲ್ಲು ಹಂಚಿಕೊಂಡಿದ್ದರು. ನಮ್ಮಲ್ಲಿ ಒಬ್ಬರು ಬಂದರೆ ಇನ್ನೊಬ್ಬರು ಹೊರಗೆ.

ಹಾಗಂತ ಬೇಲಿಯೊಳಗೆ ಯಾರೂ ನುಗ್ಗಲಿಲ್ವಾ? ನುಗ್ಗಿದರು. ಬೇರೆಯವರ ಬ್ಯಾಗ್ ಹೊತ್ತುಕೊಂಡು! ಇವರಿಗೆ ಕ್ಯಾಡಿ ಅಂತಾರೆ. ನಾಲ್ಕೈದು ಗಂಟೆ ಆಟಗಾರನ ಹಿಂದೆ ನಡೆಯಬೇಕು, ಗಾಳಿ ಯಾವ ಕಡೆ, ಇಳಿಜಾರು ಎಷ್ಟು, ಯಾವ ಕೋಲು ತೆಗೆಯಬೇಕು ಹೇಳಬೇಕು. ನಮ್ಮ ಜೊತೆ ಬಂದ ಹಿರಿಯ ಕ್ಯಾಡಿಯೊಬ್ಬರು ಗ್ರೀನ್ ಮೇಲೆ ಎರಡು ಹೆಜ್ಜೆ ಇಟ್ಟು, ಚೆಂಡು ಎಡಕ್ಕೆ ಎಷ್ಟು ತಿರುಗುತ್ತೆ ಅಂತ ಕಾಲಿನಲ್ಲೇ ಹೇಳಿಬಿಟ್ಟರು. ನನ್ನ ಗೆಳೆಯನ ಕೈಯಲ್ಲಿ ಲೇಸರ್ ಯಂತ್ರ ಇತ್ತು. ಗೆದ್ದದ್ದು ಅವರ ಪಾದವೇ.

ಅಂಥ ಕ್ಯಾಡಿಗಳ ಸಾಲಿನಿಂದಲೇ ಬೆಂಗಳೂರಿನ ಸಿ. ಮುನಿಯಪ್ಪ ಬಂದರು. 2009ರಲ್ಲಿ ಗುರುಗ್ರಾಮದಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲಿ ಕೊರಿಯಾದ ಆಟಗಾರನನ್ನ ಪ್ಲೇ ಆಫ್‌ನಲ್ಲಿ ಸೋಲಿಸಿ ಗೆದ್ದರು. ದೇಶದ ರಾಷ್ಟ್ರೀಯ ಪ್ರಶಸ್ತಿ ಅದು! ಈಗಲ್‌ಟನ್ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ ಚೆಂಡು ಹೆಕ್ಕುವ ಹುಡುಗನಾಗಿ ಒಳಗೆ ಹೋಗಿ, ಕೋಚ್ ವಿಜಯ್ ದಿವೇಚಾ ಕಣ್ಣಿಗೆ ಬಿದ್ದು, ವೃತ್ತಿಪರ ಆಟಗಾರರಾದರು. ಚಲ್ಲಘಟ್ಟದ ಮೈದಾನದಲ್ಲಿ ಐದೂವರೆ ವರ್ಷಕ್ಕೆ ಕೋಲು ಹಿಡಿದ ಹುಡುಗಿ ಅದಿತಿ ಅಶೋಕ್. ಅಪ್ಪ ಅಮ್ಮ ಗಾಲ್ಫ್ ಹಿನ್ನೆಲೆಯವರಲ್ಲ. 2021ರ ಆಗಸ್ಟ್ 7ರ ಬೆಳಗ್ಗೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಕೆ ಆಡ್ತಾ ಇದ್ದರೆ, ಬೋಗಿ, ಬರ್ಡಿ ಅಂದರೇನು ಅಂತ ಗೊತ್ತಿಲ್ಲದ ಜನವೂ ಟಿವಿ ಮುಂದೆ ಕೂತಿದ್ದರು. ಬ್ಯಾಗ್ ಹೊತ್ತು ಜೊತೆಗೆ ನಡೆದದ್ದು ತಾಯಿ. ಕೇವಲ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೇ ಸ್ಥಾನ ಬಂತು. ಗೇಟು ಸ್ವಲ್ಪ ತೆರೆದರೆ ಏನಾಗುತ್ತೆ ಅನ್ನೋದಕ್ಕೆ ಈ ಮೂವರೇ ಸಾಕ್ಷಿ.

ಕ್ಲಬ್ಬಿನವರ ಮಾತನ್ನೂ ಕೇಳಬೇಕು. ನಾವಿಲ್ಲದಿದ್ದರೆ ಇಲ್ಲಿ ಅಪಾರ್ಟ್‌ಮೆಂಟ್ ಏಳ್ತಿತ್ತು, ಮರ ಹಕ್ಕಿ ಉಳೀತಿರಲಿಲ್ಲ ಅಂತ ಅವರ ವಾದ. ಇದರಲ್ಲಿ ಸತ್ಯ ಇದೆ. ಹೈಗ್ರೌಂಡ್ಸ್‌ನಲ್ಲಿ 60 ಎಕರೆ ಹಸಿರು ಉಳಿದಿದೆ ಅಂದರೆ ಅದು ಸಣ್ಣ ಮಾತಲ್ಲ. ಹುಲ್ಲಿಗೆ ಸಂಸ್ಕರಿಸಿದ ನೀರು ಬಳಸುವ ಪದ್ಧತಿಯೂ ಬಂದಿದೆ. ಆದರೆ ಊರಿನ ಶ್ವಾಸಕೋಶ ಅಂತ ಕರೆದ ಮೇಲೆ ಊರಿನವರಿಗೆ ಅಲ್ಲಿ ಉಸಿರಾಡಲು ಬಿಡಬೇಕಲ್ವಾ?

ನಮ್ಮ ಸಾಗರದ ನೆಲ ಈ ವಿಷಯದಲ್ಲಿ ಒಂದು ಪಾಠ ಹೇಳಿದೆ. 1951ರ ಏಪ್ರಿಲ್‌ನಲ್ಲಿ ಕಾಗೋಡು ಗ್ರಾಮದ ಗೇಣಿದಾರರು, ದೀವರ ಸಮುದಾಯದ ರೈತರು, ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಜಗಳಕ್ಕೆ ನಿಂತರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು. ಅವರ ಬಂಧನ ಆಗಿದ್ದು ಸಾಗರದ ರೈಲು ನಿಲ್ದಾಣದಲ್ಲಿ. ತಾಳಗುಪ್ಪದ ರೈಲು ಇವತ್ತಿಗೂ ಅದೇ ನಿಲ್ದಾಣ ದಾಟಿ ಬರಬೇಕು. ಕೊಳಗದಿಂದ ಶುರುವಾದ ಮಾತು, ಉಳುವವನೇ ಹೊಲದೊಡೆಯ ಅನ್ನೋ 1974ರ ಕಾನೂನಿನ ತನಕ ಬೆಳೆಯಿತು. ಇದೇ ಸೀಮೆಯ ಜನ 1964ರ ಲಿಂಗನಮಕ್ಕಿ ಅಣೆಕಟ್ಟೆಗೆ ಗದ್ದೆ, ತೋಟ, ಮನೆ ಬಿಟ್ಟುಕೊಟ್ಟರು. ಅಲ್ಲಿ ಹುಟ್ಟಿದ ಕರೆಂಟು ತಾಳಗುಪ್ಪದ ವಿದ್ಯುತ್ ಸ್ವೀಕರಣಾ ಕೇಂದ್ರ ಹಾದು ಬೆಂಗಳೂರಿನ ಕಡೆ ಹೊರಡುತ್ತೆ. ರಾಜಧಾನಿಯ ಬೆಳಕಿನಲ್ಲಿ, ರಾಜಧಾನಿಯ ಹಸಿರಿನಲ್ಲಿ ಮಲೆನಾಡಿನವನಿಗೂ ಒಂದು ಪಾಲಿದೆ ಅಂತ ನಾನು ಹೇಳೋದು ಈ ಲೆಕ್ಕದಲ್ಲಿ.

ಗಾಲ್ಫ್ ಮುಚ್ಚಿ ಅಂತ ನಾನು ಕೇಳ್ತಾ ಇಲ್ಲ. ಆಟ ಚೆನ್ನಾಗಿದೆ, ನನಗೂ ಇಷ್ಟ. ಕೇಳ್ತಿರೋದು ಮೂರೇ ವಿಷಯ. ಒಂದು, ಸರ್ಕಾರಿ ನೆಲದಲ್ಲಿ ಇರುವ ಪ್ರತಿ ಗಾಲ್ಫ್ ಮೈದಾನದ ಎಕರೆ ಎಷ್ಟು, ಗುತ್ತಿಗೆ ಎಷ್ಟು, ಕಟ್ಟಿದ್ದೆಷ್ಟು ಅನ್ನೋದನ್ನ ಸರ್ಕಾರ ಒಂದು ಹಾಳೆಯಲ್ಲಿ ಬರೆದು ಜನರ ಮುಂದೆ ಇಡಲಿ. ಎರಡು, ಕ್ಯಾಡಿಗಳ ಮಕ್ಕಳಿಗೆ, ಸರ್ಕಾರಿ ಶಾಲೆಯ ಮಕ್ಕಳಿಗೆ ಅಲ್ಲಿ ಆಡುವ ಅವಕಾಶ ಗುತ್ತಿಗೆಯ ಷರತ್ತಾಗಲಿ. ಮೂರು, ವಾರಕ್ಕೆ ಒಂದು ದಿನ, ಸೇಂಟ್ ಆಂಡ್ರ್ಯೂಸ್‌ನ ಭಾನುವಾರದ ಹಾಗೆ, ಆಟ ನಿಲ್ಲಿಸಿ ಊರಿನವರನ್ನ ಒಳಗೆ ಬಿಡಲಿ. ಬ್ರಿಟಿಷರಿಂದ ಕೋಲು ತಗೊಂಡೆವು, ಚೆಂಡು ತಗೊಂಡೆವು, ಬ್ಲೇಜರ್, ಬಾರ್, ಬೋರ್ಡ್ ಎಲ್ಲ ತಗೊಂಡೆವು. ಅವರ ಊರಿನ ಆ ಭಾನುವಾರವನ್ನ ಮಾತ್ರ ಯಾಕೆ ತಗೊಳ್ಳಲಿಲ್ಲ?